ಅಣೆಕಟ್ಟಿನ ಲೆಕ್ಕ, ಗೋಪುರದ ನೆರಳು, ಲ್ಯಾಬಿನ ಬೀಗ

ಮುಂಗಾರು ಜೋರಾಯಿತೆಂದರೆ ಹೊಸಪೇಟೆ ಸೀಮೆಯ ಮೊಬೈಲುಗಳಲ್ಲಿ ಬೆಳಗಾಗುತ್ತಲೇ ಓಡಾಡುವುದು ತುಂಗಭದ್ರಾ ಜಲಾಶಯದ ಅಂಕಿ-ಅಂಶ. ನೀರಿನ ಮಟ್ಟ ಇಷ್ಟು ಅಡಿ, ಸಂಗ್ರಹ ಇಷ್ಟು ಟಿಎಂಸಿ, ಒಳಹರಿವು ಇಷ್ಟು ಕ್ಯುಸೆಕ್, ಹೊರಹರಿವು ಇಷ್ಟು. ಕಂಪ್ಲಿಯ ಭತ್ತದ ರೈತ ಇದರಲ್ಲಿ ನಾಟಿಯ ದಿನ ಹುಡುಕುತ್ತಾನೆ. ಹಂಪಿಯಲ್ಲಿ ಹರಿಗೋಲು ಹಾಕುವವನು ಇವತ್ತು ದುಡಿಮೆ ಇದೆಯೋ ಇಲ್ಲವೋ ಎಂದು ನೋಡುತ್ತಾನೆ. ಹೊರಹರಿವು ಲಕ್ಷ ಕ್ಯುಸೆಕ್ ದಾಟಿ ಏರುತ್ತ ಹೋದರೆ ಹಂಪಿಯ ಪುರಂದರ ಮಂಟಪ ನೀರಿನಡಿ ಸೇರುತ್ತದೆ, ಕಂಪ್ಲಿ–ಗಂಗಾವತಿ ಸೇತುವೆಯ ಮೇಲೆ ಓಡಾಟ ಬಂದ್ ಆಗುತ್ತದೆ.

ಈ ನಾಲ್ಕು ಅಂಕಿಗಳೊಳಗೆ ಒಂದು ಚೆಂದದ ಲೆಕ್ಕ ಇದೆ. ಒಂದು ಕ್ಯುಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು. ದಿನಕ್ಕೆ 86,400 ಸೆಕೆಂಡು. ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ. ನೂರು ಕೋಟಿಯನ್ನು 86,400ರಿಂದ ಭಾಗಿಸಿದರೆ ಸುಮಾರು 11,574 ಬರುತ್ತದೆ. ಅಂದರೆ 11,574 ಕ್ಯುಸೆಕ್ ನೀರು ಪೂರ್ತಿ ಒಂದು ದಿನ ಹರಿದರೆ ಒಂದು ಟಿಎಂಸಿ. ಈ ಒಂದು ಸಂಖ್ಯೆ ಕೈಗೆ ಸಿಕ್ಕರೆ ಏಳನೇ ಕ್ಲಾಸಿನ ಹುಡುಗಿಯೂ ಡ್ಯಾಂ ಯಾವಾಗ ತುಂಬೀತು ಎಂದು ಹೇಳಬಲ್ಲಳು. ಜಲಾಶಯದಲ್ಲಿ 80 ಟಿಎಂಸಿ ನೀರಿದೆ, ಒಳಹರಿವು ಒಂದು ಲಕ್ಷ ಕ್ಯುಸೆಕ್, ಹೊರಹರಿವು 40 ಸಾವಿರ ಎಂದಿಟ್ಟುಕೊಳ್ಳಿ. ಉಳಿಯುವುದು 60 ಸಾವಿರ ಕ್ಯುಸೆಕ್, ಅಂದರೆ ದಿನಕ್ಕೆ ಐದು ಟಿಎಂಸಿಗಿಂತ ತುಸು ಹೆಚ್ಚು. ಜಲಾಶಯದ ಈಗಿನ ಸಾಮರ್ಥ್ಯ 105.788 ಟಿಎಂಸಿ. ನೀರು ಹೀಗೇ ಬಂದರೆ ಐದು ದಿನಕ್ಕೆ ಡ್ಯಾಂ ಭರ್ತಿ.

ಬೋರ್ಡಿನ ಮೇಲೆ ಇದನ್ನು ಒಮ್ಮೆ ಮಾಡಿದರೆ ಒಂದು ಭಾಗಾಕಾರ ಮುಗಿಯಿತು. ಅದೇ ಲೆಕ್ಕವನ್ನು ಶಾಲೆಯ ಕಂಪ್ಯೂಟರಿನಲ್ಲಿ ಸ್ಪ್ರೆಡ್‌ಶೀಟಿಗೆ ಹಾಕಿ ನೋಡಿ. ಮೊದಲ ಸಾಲಿಗೆ ಸೂತ್ರ ಬರೆದು ಕೆಳಕ್ಕೆ ಎಳೆದರೆ ಇಪ್ಪತ್ತು ದಿನದ ಲೆಕ್ಕ ಒಂದೇ ಸಲಕ್ಕೆ ಬಿಚ್ಚಿಕೊಳ್ಳುತ್ತದೆ. ಈಗ ಮೇಷ್ಟ್ರು ಒಂದು ಪ್ರಶ್ನೆ ಎಸೆಯಲಿ: ಮಲೆನಾಡಿನಲ್ಲಿ ಮಳೆ ಕಡಿಮೆಯಾಗಿ ಒಳಹರಿವು ದಿನಕ್ಕೆ ಶೇ 10ರಂತೆ ಇಳಿಯುತ್ತ ಹೋದರೆ ಏನಾಗುತ್ತದೆ? ಐದು ದಿನ ಹೋಗಿ ಏಳು ದಿನವಾಗಬಹುದು, ಎಂಟಾಗಬಹುದು ಎಂದು ಮಕ್ಕಳು ಊಹಿಸುತ್ತಾರೆ. ದೊಡ್ಡವರೂ ಅಷ್ಟೇ ಊಹಿಸುವುದು. ಹಾಳೆ ಬೇರೆ ಉತ್ತರ ಕೊಡುತ್ತದೆ. ಸಂಗ್ರಹ ಒಂಬತ್ತನೇ ದಿನಕ್ಕೆ 101.8 ಟಿಎಂಸಿ ಮುಟ್ಟಿ, ಅಲ್ಲಿಂದ ಇಳಿಯತೊಡಗುತ್ತದೆ. ಡ್ಯಾಂ ತುಂಬುವುದೇ ಇಲ್ಲ! ಹತ್ತನೇ ದಿನ ಒಳಹರಿವು ಹೊರಹರಿವಿಗಿಂತ ಕೆಳಗೆ ಬಿದ್ದಿರುತ್ತದೆ. ಹಾಗಾದರೆ ಗೇಟು ಯಾವ ದಿನ ಇಳಿಸಬೇಕಿತ್ತು? ಹೊರಹರಿವನ್ನು 40ರಿಂದ 30 ಸಾವಿರಕ್ಕೆ ತಂದರೆ? ಕ್ಲಾಸು ಈಗ ತಾನಾಗಿ ಕೇಳತೊಡಗುತ್ತದೆ.

ಕಂಪ್ಯೂಟರು ಗಣಿತಕ್ಕೆ ಮಾಡಬಲ್ಲ ದೊಡ್ಡ ಉಪಕಾರ ಇಷ್ಟೇ. ಒಂದು ಸಂಖ್ಯೆ ಬದಲಿಸಿದರೆ ಮಿಕ್ಕದ್ದೆಲ್ಲ ಏನಾಗುತ್ತದೆ, ಏನು ಬದಲಾಗುತ್ತದೆ, ಏನು ಬದಲಾಗದೇ ಉಳಿಯುತ್ತದೆ ಎಂಬುದನ್ನು ಮಗು ತನ್ನ ಕೈಯಾರೆ ಪರೀಕ್ಷಿಸಬಹುದು. ಲೆಕ್ಕ ಬಿಡಿಸುವ ಬೇಸರ ಯಂತ್ರದ ಪಾಲಿಗೆ, ಯೋಚಿಸುವ ಕೆಲಸ ಮಗುವಿನ ಪಾಲಿಗೆ. ನಮ್ಮ ಬಹಳಷ್ಟು ಶಾಲೆಗಳಲ್ಲಿ ಆಗುತ್ತಿರುವುದು ಇದರ ತಿರುಗುಮುರುಗು. ಯಂತ್ರ ಪಾಠ ಮಾಡುತ್ತದೆ, ಮಗು ಕೈಕಟ್ಟಿ ಕೂತು ನೋಡುತ್ತದೆ.

2024ರ ಆಗಸ್ಟ್ 10ರ ರಾತ್ರಿ ಇದೇ ಅಣೆಕಟ್ಟಿನ 19ನೇ ಕ್ರಸ್ಟ್‌ಗೇಟು ಚೈನು ಕಿತ್ತು ಕೊಚ್ಚಿಹೋದಾಗ ಈ ಭಾಗದ ಜನ ಒಂದು ವಾರ ಕೂತಲ್ಲಿ ನಿಂತಲ್ಲಿ ಲೆಕ್ಕವನ್ನೇ ಹಾಕುತ್ತಿದ್ದರು. ಅಣೆಕಟ್ಟಿಗೆ 33 ಗೇಟು, ಒಂದೊಂದೂ 60 ಅಡಿ ಅಗಲ, 20 ಅಡಿ ಎತ್ತರ. ಜಲಾಶಯದ ಗರಿಷ್ಠ ಮಟ್ಟ 1,633 ಅಡಿ. ಇಪ್ಪತ್ತು ಕಳೆದರೆ 1,613. ಹರಿವು ಪೂರ್ತಿ ನಿಲ್ಲಬೇಕಾದರೆ ನೀರು ಅಲ್ಲಿಯವರೆಗೆ ಇಳಿಯಬೇಕು. ಎಷ್ಟು ದಿನ ಹಿಡಿದೀತು, ಎಷ್ಟು ನೀರು ನದಿಪಾಲಾದೀತು, ಎರಡನೇ ಬೆಳೆಗೆ ಉಳಿದೀತೇ? ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ತಡೆ ಇಳಿಸಿ ಅಷ್ಟು ನೀರು ಉಳಿಸಿದ್ದು ಎಲ್ಲರಿಗೂ ಗೊತ್ತು. ಅದರ ಹಿಂದಿನ ಗಣಿತ ಮಾತ್ರ ನಮ್ಮ ತರಗತಿಗಳಿಗೆ ಬರಲಿಲ್ಲ. ಜಲಾಶಯ ಬೋಗುಣಿಯಂತೆ ಮೇಲೆ ಹೋದಂತೆಲ್ಲ ಅಗಲವಾಗುತ್ತದೆ; ಹಾಗಾಗಿ ಮೇಲಿನ ಒಂದು ಅಡಿಯಲ್ಲಿರುವಷ್ಟು ನೀರು ತಳದ ಒಂದು ಅಡಿಯಲ್ಲಿ ಇರುವುದಿಲ್ಲ. ದಿನನಿತ್ಯ ಬರುವ ಅಡಿ ಮತ್ತು ಟಿಎಂಸಿ ಲೆಕ್ಕವನ್ನು ಒಂದು ಹಂಗಾಮು ನಕ್ಷೆಯ ಮೇಲೆ ಗುರುತಿಸುತ್ತ ಹೋದರೆ ಸರಳರೇಖೆ ಬರುವುದಿಲ್ಲ, ಬಾಗಿದ ಗೆರೆ ಬರುತ್ತದೆ. ರೇಖಾತ್ಮಕ ಸಂಬಂಧ ಯಾವುದು, ಯಾವುದಲ್ಲ ಎಂಬ ಹತ್ತನೇ ಕ್ಲಾಸಿನ ಪಾಠಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಬೇಕೆ?

ಯಂತ್ರ ಬಂತು, ಗಣಿತ ಬರಲಿಲ್ಲ

ಕರ್ನಾಟಕದ ಸರ್ಕಾರಿ ಶಾಲೆಗಳಿಗೆ ಕಂಪ್ಯೂಟರು ಹೊಸದೇನಲ್ಲ. ಈ ಶತಮಾನದ ಆರಂಭದಲ್ಲೇ ‘ಮಾಹಿತಿ ಸಿಂಧು’ ಹೆಸರಿನಲ್ಲಿ ಸಾವಿರ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಶಿಕ್ಷಣ ಹೋಯಿತು. 2004ರ ಸೆಪ್ಟೆಂಬರ್ 20ರಂದು ಎಜುಸ್ಯಾಟ್ ಉಪಗ್ರಹ ಹಾರಿದಾಗ ಚಾಮರಾಜನಗರ ಜಿಲ್ಲೆಯ 885 ಪ್ರಾಥಮಿಕ ಶಾಲೆಗಳು ಅದರ ಪ್ರಯೋಗಶಾಲೆಯಾದವು. ಅದೇ ವರ್ಷ ಕೇಂದ್ರದ ಮಾಹಿತಿ ಮತ್ತು ಸಂವಹನ ತಂತ್ರಜ್ಞಾನ (ಐಸಿಟಿ) ಯೋಜನೆ ಬಂತು, ಹಂತಹಂತವಾಗಿ ಲ್ಯಾಬುಗಳು ಎದ್ದವು. ಆಮೇಲೆ ತಂತ್ರಜ್ಞಾನ ಆಧಾರಿತ ಕಲಿಕೆಯ ಟಾಲ್ಪ್ ಬಂತು, 2017ರಲ್ಲಿ ದೀಕ್ಷಾ ಜಾಲತಾಣ ಬಂತು, ಪಠ್ಯಪುಸ್ತಕದ ಪುಟಗಳಲ್ಲಿ ಕ್ಯೂಆರ್ ಕೋಡ್ ಕೂತಿತು. ಈಗ ಸ್ಮಾರ್ಟ್ ಕ್ಲಾಸಿನ ಕಾಲ.

ಇಷ್ಟೆಲ್ಲ ಬಂದರೂ ಗಣಿತ ಕಬ್ಬಿಣದ ಕಡಲೆಯಾಗಿಯೇ ಉಳಿದದ್ದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಐಸಿಟಿಯ ಹಿಂದಿನ ಹಂತಗಳಲ್ಲಿ ಕಂಪನಿಯೇ ಯಂತ್ರ ಹಾಕುವುದು, ಕಂಪನಿಯೇ ಬೋಧಕರನ್ನು ನೇಮಿಸುವುದು, ಐದು ವರ್ಷ ಕಳೆದ ಮೇಲೆ ಎಲ್ಲವನ್ನೂ ಶಾಲೆಗೆ ಬಿಟ್ಟುಕೊಡುವುದು ಎಂಬ ಪದ್ಧತಿ ಇತ್ತು. ಅಲ್ಲಿ ಕಂಪ್ಯೂಟರೇ ಒಂದು ಬೇರೆ ವಿಷಯ. ವಾರಕ್ಕೆ ಇಷ್ಟು ಪೀರಿಯಡ್, ಟೈಪಿಂಗ್, ಪೇಂಟ್, ಪವರ್‌ಪಾಯಿಂಟ್. ಗಣಿತದ ಮೇಷ್ಟ್ರಿಗೂ ಆ ಕೋಣೆಗೂ ಸಂಬಂಧವೇ ಇರಲಿಲ್ಲ. ಐದು ವರ್ಷ ಮುಗಿಯಿತು, ಬೋಧಕರು ಹೋದರು, ಯುಪಿಎಸ್ ಬ್ಯಾಟರಿ ಕೈಕೊಟ್ಟಿತು, ಲ್ಯಾಬಿಗೆ ಬೀಗ ಬಿತ್ತು.

ಇನ್ನೊಂದು ದಾರಿ ಹಿಡಿದದ್ದು ಅಜೀಂ ಪ್ರೇಮ್‌ಜಿ ಫೌಂಡೇಶನ್. ಸರ್ಕಾರದ ಜತೆ ಸೇರಿ ಪ್ರಾಥಮಿಕ ಶಾಲೆಗಳಲ್ಲಿ ಕಂಪ್ಯೂಟರ್ ನೆರವಿನ ಕಲಿಕಾ ಕೇಂದ್ರಗಳನ್ನು ತೆರೆದು, ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ಪಾಠದ ಸಿ.ಡಿ.ಗಳನ್ನು ಅದು ಮಾಡಿತು. ಚಿತ್ರ, ಕತೆ, ಆಟ ಎಲ್ಲವೂ ಅದರಲ್ಲಿದ್ದವು. ಮಕ್ಕಳು ಖುಷಿಪಟ್ಟರು. ಆದರೆ ಕಲಿಕೆ ನಿರೀಕ್ಷೆಯಂತೆ ಏರಲಿಲ್ಲ. ಫೌಂಡೇಶನ್ನಿನ ಅನುರಾಗ್ ಬೆಹರ್ 2010ರಲ್ಲಿ ಪತ್ರಿಕೆಯಲ್ಲಿ ಬರೆದು ಇದನ್ನು ಬಹಿರಂಗವಾಗಿಯೇ ಒಪ್ಪಿಕೊಂಡರು. ಶಿಕ್ಷಣದ ನಿಜವಾದ ತೊಡಕುಗಳಿಂದ ತಂತ್ರಜ್ಞಾನದ ಮೋಹ ನಮ್ಮ ಗಮನ ಬೇರೆಡೆ ಸೆಳೆಯುತ್ತದೆ ಎಂಬ ಎಚ್ಚರಿಕೆಯನ್ನೂ ಕೊಟ್ಟರು. ಸ್ವಂತ ದುಡ್ಡು ಹಾಕಿ ಮಾಡಿದ ಪ್ರಯೋಗದ ಸೋಲನ್ನು ಹೀಗೆ ಹೇಳಿಕೊಂಡವರು ನಮ್ಮಲ್ಲಿ ಕಡಿಮೆ.

ಹಾಗೆಂದು ಯಂತ್ರದಿಂದ ಪ್ರಯೋಜನವೇ ಇಲ್ಲ ಎನ್ನುವಂತಿಲ್ಲ. ವಡೋದರದ ಸರ್ಕಾರಿ ಶಾಲೆಗಳಲ್ಲಿ ನಾಲ್ಕನೇ ಕ್ಲಾಸಿನ ಇಬ್ಬಿಬ್ಬರು ಮಕ್ಕಳಿಗೆ ಒಂದೊಂದು ಕಂಪ್ಯೂಟರು ಕೊಟ್ಟು, ವಾರಕ್ಕೆ ಎರಡು ಗಂಟೆ ಗಣಿತದ ಆಟ ಆಡಿಸಿದಾಗ ಅಂಕಗಳು ಗಣನೀಯವಾಗಿ ಏರಿದವು. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನ ಇದು. ಅದೇ ತಂಡದಲ್ಲಿದ್ದ ಲೀ ಲಿಂಡನ್ ಗುಜರಾತಿನಲ್ಲೇ ಮತ್ತೊಂದು ಪ್ರಯೋಗ ಮಾಡಿದರು. ಪಾಠದ ಹೊತ್ತನ್ನು ಕಿತ್ತುಕೊಂಡು ಕಂಪ್ಯೂಟರಿನ ಮುಂದೆ ಕೂರಿಸಿದ ಕಡೆ ಮಕ್ಕಳು ಹಿಂದೆ ಬಿದ್ದರು. ಶಾಲೆಯ ಹೊತ್ತಿನಾಚೆ ಹೆಚ್ಚುವರಿಯಾಗಿ ಕೂರಿಸಿದ ಕಡೆ ಕಲಿತರು. ದೆಹಲಿಯಲ್ಲಿ ಪ್ರತಿ ಮಗುವಿನ ಮಟ್ಟ ನೋಡಿ ಲೆಕ್ಕ ಕೊಡುವ ತಂತ್ರಾಂಶವನ್ನು ಶಾಲೆ ಬಿಟ್ಟ ಮೇಲಿನ ಕೇಂದ್ರಗಳಲ್ಲಿ ಬಳಸಿದಾಗಲೂ ಫಲ ಸಿಕ್ಕಿತು. ಪೆರು ದೇಶ ಮಕ್ಕಳಿಗೆ ಲಕ್ಷಾಂತರ ಲ್ಯಾಪ್‌ಟಾಪ್ ಹಂಚಿ ಕೈತೊಳೆದುಕೊಂಡಿತು. ಗಣಿತದ ಅಂಕ ಮೇಲೇಳಲಿಲ್ಲ. ಎಲ್ಲವನ್ನೂ ಕೂಡಿಸಿ ನೋಡಿದರೆ ತೀರ್ಮಾನ ಒಂದೇ: ಮೇಷ್ಟ್ರ ಬದಲಿಗೆ ಬಂದ ಯಂತ್ರ ಸೋತಿದೆ, ಮೇಷ್ಟ್ರ ಜತೆಗೆ ಬಂದ ಯಂತ್ರ ಗೆದ್ದಿದೆ.

ಎಳೆದು ನೋಡುವ ರೇಖಾಗಣಿತ

ಈ ‘ಜತೆಗೆ’ ಎಂಬುದನ್ನು ಕರ್ನಾಟಕದಲ್ಲಿ ಗಂಭೀರವಾಗಿ ಮಾಡಿ ನೋಡಿದ್ದು ವಿಷಯ ಶಿಕ್ಷಕರ ವೇದಿಕೆ. ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ (ಡಿಎಸ್‌ಇಆರ್‌ಟಿ) ಮತ್ತು ಮಾಧ್ಯಮಿಕ ಶಿಕ್ಷಾ ಅಭಿಯಾನದ ಆಶ್ರಯದಲ್ಲಿ, ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆಯ ಸಹಯೋಗದಲ್ಲಿ, ಕಳೆದ ದಶಕದ ಆರಂಭದಲ್ಲಿ ಇದು ಶುರುವಾಯಿತು. ಇಲ್ಲಿ ತರಬೇತಿ ಸಿಕ್ಕಿದ್ದು ಕಂಪ್ಯೂಟರ್ ಬೋಧಕರಿಗಲ್ಲ, ಗಣಿತ, ವಿಜ್ಞಾನ, ಸಮಾಜವಿಜ್ಞಾನದ ಸರ್ಕಾರಿ ಪ್ರೌಢಶಾಲಾ ಶಿಕ್ಷಕರಿಗೆ. ದುಡ್ಡು ಕೊಟ್ಟು ಕೊಳ್ಳುವ ತಂತ್ರಾಂಶದ ಗೊಡವೆಯೇ ಬೇಡವೆಂದು ಉಬುಂಟು, ಜಿಯೋಜೀಬ್ರಾದಂಥ ಮುಕ್ತ ಸಾಧನಗಳನ್ನು ಆರಿಸಿಕೊಂಡರು. ಶಿಕ್ಷಕರೇ ಪಾಠ ಕಟ್ಟಿ, ಬೇರೆಯವರು ತಿದ್ದಿ ಬಳಸುವಂತೆ ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ’ ಎಂಬ ಕಣಜವೂ ಕನ್ನಡ, ಇಂಗ್ಲಿಷ್ ಎರಡರಲ್ಲೂ ಬೆಳೆಯಿತು.

ಜಿಯೋಜೀಬ್ರಾ ಹುಟ್ಟಿದ್ದು ಆಸ್ಟ್ರಿಯಾದ ಸಾಲ್ಜ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ, ಮಾರ್ಕುಸ್ ಹೋಹನ್‌ವಾರ್ಟರ್ ಎಂಬ ವಿದ್ಯಾರ್ಥಿಯ ಸ್ನಾತಕೋತ್ತರ ಪ್ರಬಂಧವಾಗಿ, 2001–02ರ ಸುಮಾರಿಗೆ. ಶಾಲೆಗಳಿಗೆ ಉಚಿತ. ಒಮ್ಮೆ ಹಾಕಿಕೊಂಡರೆ ಇಂಟರ್‌ನೆಟ್ ಬೇಕಿಲ್ಲ, ಹಳೆಯ ಕಂಪ್ಯೂಟರಿನಲ್ಲೂ ನಡೆಯುತ್ತದೆ, ಮೊಬೈಲಿನಲ್ಲೂ ಸಿಗುತ್ತದೆ.

ಅದು ತರಗತಿಯಲ್ಲಿ ಏನು ಮಾಡುತ್ತದೆ? ಒಂದು ತ್ರಿಭುಜ ಎಳೆಯಿರಿ. ಮೂರು ಬಾಹುಗಳಿಗೂ ಲಂಬಾರ್ಧಕ ಹಾಕಿ. ಮೂರೂ ಒಂದೇ ಬಿಂದುವಿನಲ್ಲಿ ಸೇರುತ್ತವೆ. ಅದನ್ನು ಕೇಂದ್ರವಾಗಿಸಿ ವೃತ್ತ ಎಳೆದರೆ ಮೂರು ಶೃಂಗಗಳನ್ನೂ ಹಾದುಹೋಗುತ್ತದೆ. ಬೋರ್ಡಿನ ಮೇಲೆ ಇಷ್ಟು ಬರೆಯಲು ಕಾಲು ಗಂಟೆ, ಗೆರೆ ತುಸು ಓರೆಯಾದರೆ ಬಿಂದು ಸೇರುವುದಿಲ್ಲ, ‘ಸೇರಿದೆ ಅಂದ್ಕೊಳ್ಳಿ’ ಎಂದು ಮುಂದಕ್ಕೆ ಹೋಗಬೇಕು. ತೆರೆಯ ಮೇಲೆ ಒಂದು ಶೃಂಗವನ್ನು ಮೌಸಿನಿಂದ ಹಿಡಿದು ಎಳೆದರೆ ತ್ರಿಭುಜದ ಜತೆ ಇಡೀ ಚಿತ್ರವೇ ಚಲಿಸುತ್ತದೆ. ಲಘುಕೋನ ತ್ರಿಭುಜವಿದ್ದಾಗ ಆ ಬಿಂದು ಒಳಗಿರುತ್ತದೆ. ಎಳೆಯುತ್ತ ಎಳೆಯುತ್ತ ಒಂದು ಕೋನ 90 ಮುಟ್ಟಿದ ಕ್ಷಣ ಬಿಂದು ಕರ್ಣದ ಮೇಲೆ, ಸರಿಯಾಗಿ ಅದರ ನಡುವೆ ಬಂದು ಕೂರುತ್ತದೆ. ಇನ್ನೂ ಎಳೆದರೆ ತ್ರಿಭುಜದ ಹೊರಗೆ ಜಿಗಿಯುತ್ತದೆ. ‘ಸರ್, ಹೊರಗ್ ಹೋತಲ್ರೀ!’ ಎಂದು ಹಿಂದಿನ ಬೆಂಚಿನಿಂದ ಕೂಗು ಬಂದರೆ ಆವತ್ತಿನ ಪಾಠ ಗೆದ್ದಿತು. ಯಾಕೆ ಹೊರಗೆ ಹೋಯಿತು ಎಂದು ಕೇಳುವುದಷ್ಟೇ ಮೇಷ್ಟ್ರಿಗೆ ಉಳಿದ ಕೆಲಸ.

ಹಂಪಿಯ ಹುಡುಗರಿಗೆ ಇದಕ್ಕಿಂತ ದೊಡ್ಡ ಪಾಠವೊಂದು ಮನೆ ಬಾಗಿಲಲ್ಲೇ ಇದೆ. ವಿರೂಪಾಕ್ಷ ದೇವಾಲಯದ ಪೂರ್ವ ಗೋಪುರ ಸುಮಾರು 50 ಮೀಟರ್ ಎತ್ತರ. ಗುಡಿಯ ಹಿಂಭಾಗದ ಕತ್ತಲ ಮಂಟಪದ ಗೋಡೆಯ ಮೇಲೆ ಅದೇ ಗೋಪುರ ತಲೆಕೆಳಗಾಗಿ ಮೂಡುತ್ತದೆ. ಪ್ರವಾಸಿಗರು ಬೆರಗಾಗಿ ಫೋಟೋ ಹೊಡೆದುಕೊಂಡು ಹೋಗುತ್ತಾರೆ. ಇದು ಸೂಜಿರಂಧ್ರ ಕ್ಯಾಮೆರಾದ ತತ್ತ್ವ ಎಂದು ಮಾರ್ಗದರ್ಶಿಗಳು ಹೇಳುತ್ತಾರೆ. ಗಣಿತದ ಮೇಷ್ಟ್ರು ಇನ್ನೊಂದು ಹೆಜ್ಜೆ ಮುಂದೆ ಹೋಗಬಹುದು. ಗೋಪುರದ ತುದಿಯಿಂದ ಬಂದ ಬೆಳಕು ರಂಧ್ರ ಹಾದು ಗೋಡೆಯ ಕೆಳಭಾಗಕ್ಕೆ, ಬುಡದಿಂದ ಬಂದದ್ದು ಮೇಲ್ಭಾಗಕ್ಕೆ ಬೀಳುತ್ತದೆ. ಎರಡು ಗೆರೆ ರಂಧ್ರದಲ್ಲಿ ಕತ್ತರಿಸಿ, ಆಚೆ ಒಂದು ಈಚೆ ಒಂದು ತ್ರಿಭುಜವಾಗುತ್ತವೆ. ಶೃಂಗಾಭಿಮುಖ ಕೋನಗಳು ಸಮ, ಗೋಪುರವೂ ಗೋಡೆಯೂ ಸಮಾಂತರವಾಗಿರುವುದರಿಂದ ಪರ್ಯಾಯ ಕೋನಗಳು ಸಮ. ಹಾಗಾಗಿ ಎರಡೂ ಸಮರೂಪ ತ್ರಿಭುಜಗಳು. ಬಿಂಬದ ಎತ್ತರಕ್ಕೂ ಗೋಪುರದ ಎತ್ತರಕ್ಕೂ ಇರುವ ಅನುಪಾತವೇ ರಂಧ್ರದಿಂದ ಗೋಡೆಯ ದೂರಕ್ಕೂ ಗೋಪುರದ ದೂರಕ್ಕೂ ಇರುತ್ತದೆ.

ಜಿಯೋಜೀಬ್ರಾದಲ್ಲಿ ಇದನ್ನು ಕಟ್ಟಲು ಎರಡು ಲಂಬ ಗೆರೆ, ಒಂದು ಬಿಂದು, ಎರಡು ಸರಳರೇಖೆ ಸಾಕು. ರಂಧ್ರ ಗೋಪುರದಿಂದ 100 ಮೀಟರ್, ಗೋಡೆ ರಂಧ್ರದಿಂದ 3 ಮೀಟರ್ ಎಂದು ಊಹಿಸಿಕೊಂಡರೆ ಬಿಂಬ ಒಂದೂವರೆ ಮೀಟರ್. ಗೋಡೆಯನ್ನು 6 ಮೀಟರಿಗೆ ಸರಿಸಿದರೆ ಬಿಂಬ ದುಪ್ಪಟ್ಟು. ರಂಧ್ರವನ್ನು ಮೇಲೆ ಕೆಳಗೆ ಸರಿಸಿದರೆ ಬಿಂಬ ಜರುಗುತ್ತದೆ, ಅದರ ಉದ್ದ ಬದಲಾಗುವುದಿಲ್ಲ. ಆಮೇಲೆ ಮಕ್ಕಳು ಟೇಪು ಹಿಡಿದು ದೇವಸ್ಥಾನಕ್ಕೆ ಹೋಗಿ, ನಿಜವಾದ ಬಿಂಬ ಮತ್ತು ದೂರಗಳನ್ನು ಅಳೆದು, ಏಣಿ ಹತ್ತದೆ ಗೋಪುರದ ಎತ್ತರ ಕಂಡುಹಿಡಿಯಲಿ. ಬಂದ ಉತ್ತರ 50ಕ್ಕೆ ಎಷ್ಟು ಹತ್ತಿರ, ಅಳತೆಯಲ್ಲಿ ತಪ್ಪಿದ್ದೆಲ್ಲಿ ಎಂಬುದೂ ಗಣಿತವೇ.

ಮಹಾನವಮಿ ದಿಬ್ಬದ ಬಳಿಯ ಮೆಟ್ಟಿಲು ಪುಷ್ಕರಣಿಯ ಕರಿಗಲ್ಲುಗಳ ಮೇಲೆ ಯಾವ ದಿಕ್ಕು, ಯಾವ ಸಾಲು, ಎಲ್ಲಿ ಕೂರಬೇಕು ಎಂದು ಸೂಚಿಸುವ ಗುರುತುಗಳಿವೆ. ನಿರ್ದೇಶಾಂಕಗಳನ್ನು ಕಲಿಸಲು ಇದಕ್ಕಿಂತ ಬೇರೆ ಪೀಠಿಕೆ ಬೇಡ. ಗಜಶಾಲೆಯ ಹನ್ನೊಂದು ಕೋಣೆಗಳಲ್ಲಿ ನಡುವಿನದನ್ನು ಬಿಟ್ಟರೆ ಆಚೆ ಐದು, ಈಚೆ ಐದು. ಒಂದು ಬದಿಯ ಗುಮ್ಮಟಗಳನ್ನು ಮಾತ್ರ ಬಿಡಿಸಿ ಪ್ರತಿಫಲನದ ಗುಂಡಿ ಒತ್ತಿದರೆ ಇನ್ನೊಂದು ಬದಿ ತಾನೇ ಮೂಡುತ್ತದೆ. ಸಮಮಿತಿಯ ಪಾಠ ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಊರಿನ ವಸ್ತುವಿನಿಂದಲೇ ಲೆಕ್ಕ ಕಟ್ಟುವ ರೂಢಿ ನಮಗೆ ಹೊಸದಲ್ಲ. ಒಂಬತ್ತನೇ ಶತಮಾನದ ಮಹಾವೀರಾಚಾರ್ಯ ರಾಷ್ಟ್ರಕೂಟರ ಕಾಲದಲ್ಲಿ ‘ಗಣಿತಸಾರಸಂಗ್ರಹ’ ಬರೆದರೆ, ಹನ್ನೆರಡನೇ ಶತಮಾನದ ರಾಜಾದಿತ್ಯ ‘ವ್ಯವಹಾರ ಗಣಿತ’, ‘ಕ್ಷೇತ್ರ ಗಣಿತ’ಗಳನ್ನು ಕನ್ನಡದಲ್ಲೇ ಬರೆದ. ಆ ಹೆಸರುಗಳಲ್ಲೇ ವ್ಯಾಪಾರವೂ ಹೊಲವೂ ಇವೆ.

ಸಂಡೂರಿನ ಕಸೂತಿ ಮತ್ತು ಮಾತು ಕೇಳುವ ಆಮೆ

ಸಂಡೂರು ಎಂದೊಡನೆ ಜನರಿಗೆ ನೆನಪಾಗುವುದು ಅದಿರು, ಲಾರಿ, ಕೆಂಪು ಧೂಳು. ಅದೇ ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಿಯ ಮಾನ್ಯತೆ ಇದೆ. ಸಂಡೂರು ಕುಶಲ ಕಲಾ ಕೇಂದ್ರದಲ್ಲಿ ತಾಂಡಾದ ಹೆಣ್ಣುಮಕ್ಕಳು ಹಾಕುವ ಹೊಲಿಗೆಯಲ್ಲಿ ಚೌಕ, ತ್ರಿಭುಜ, ಅಡ್ಡಗೆರೆ, ಕನ್ನಡಿಬಿಲ್ಲೆ ಎಲ್ಲ ಲೆಕ್ಕ ಹಿಡಿದು ಕೂರುತ್ತವೆ. ಒಂದು ಎಳೆ ತಪ್ಪಿದರೆ ಸಾಲೇ ಸೊಟ್ಟ. ಅಕ್ಷರ ಬಾರದ ಅಜ್ಜಿಯ ಬೆರಳಿಗೆ ಬರುವ ಈ ರೇಖಾಗಣಿತ ಮೊಮ್ಮಗಳ ನೋಟ್‌ಬುಕ್ಕಿಗೆ ಬರದೇ ಇರುವುದು ಶಾಲೆಯ ಸೋಲು.

ಇಲ್ಲಿ ನೆರವಿಗೆ ಬರುವುದು ಲೋಗೋ. ಸೇಮೂರ್ ಪ್ಯಾಪರ್ಟ್, ವಾಲಿ ಫಾಯರ್‌ಝೈಗ್, ಸಿಂಥಿಯಾ ಸಾಲೊಮನ್ ಎಂಬುವರು 1967ರಲ್ಲಿ ಮಕ್ಕಳಿಗಾಗಿಯೇ ಕಟ್ಟಿದ ಪ್ರೋಗ್ರಾಮಿಂಗ್ ಭಾಷೆ ಅದು. ತೆರೆಯ ಮೇಲೆ ಒಂದು ಆಮೆ. ‘100 ಹೆಜ್ಜೆ ಮುಂದೆ ಹೋಗು, 90 ಡಿಗ್ರಿ ಬಲಕ್ಕೆ ತಿರುಗು’ ಎಂದರೆ ಗೆರೆ ಎಳೆಯುತ್ತ ಹಾಗೇ ಹೋಗುತ್ತದೆ. ಇದನ್ನೇ ನಾಲ್ಕು ಸಲ ಮಾಡು ಎಂದರೆ ಚೌಕ. ಇದೇ ವಿಚಾರ ಇಂದು ಸ್ಕ್ರಾಚ್‌ನಲ್ಲಿ, ಪೈಥಾನಿನಲ್ಲಿ, ಲಿಬ್ರೆಆಫೀಸಿನಲ್ಲಿ ಉಚಿತವಾಗಿ ಸಿಗುತ್ತದೆ.

ಚೌಕ ಆಯಿತು, ಈಗ ಸಮಬಾಹು ತ್ರಿಭುಜ ಬರೆಸಿ ಎಂದರೆ ಹತ್ತರಲ್ಲಿ ಒಂಬತ್ತು ಮಕ್ಕಳು 60 ಡಿಗ್ರಿ ತಿರುಗು ಎನ್ನುತ್ತಾರೆ. ಸಮಬಾಹು ತ್ರಿಭುಜದ ಕೋನ 60 ಎಂದು ಬಾಯಿಪಾಠ ಆಗಿದೆಯಲ್ಲ! ಆಮೆ ಹೇಳಿದಷ್ಟನ್ನೇ ಮಾಡುತ್ತದೆ. ಮೂರು ಗೆರೆ ಎಳೆದು ನಿಂತಾಗ ಸಿಗುವುದು ತ್ರಿಭುಜವಲ್ಲ, ಷಟ್ಕೋನದ ಅರ್ಧ ಭಾಗ. ಮೇಷ್ಟ್ರು ಬೈಯಲಿಲ್ಲ, ಕೆಂಪು ಗೆರೆ ಹಾಕಲಿಲ್ಲ. ಆದರೂ ತಪ್ಪಾಗಿದೆ ಎಂಬುದು ಕಣ್ಣೆದುರಿಗಿದೆ. ಮಗು ಎದ್ದು ನಿಂತು ತಾನೇ ಆಮೆಯಾಗಿ ನೆಲದ ಮೇಲೆ ನಡೆದು ನೋಡಿದರೆ ಗುಟ್ಟು ಬಯಲಾಗುತ್ತದೆ. ನಡೆಯುವವನು ತಿರುಗಬೇಕಾದದ್ದು ಒಳಕೋನದಷ್ಟಲ್ಲ, ಹೊರಕೋನದಷ್ಟು. 180ರಲ್ಲಿ 60 ಕಳೆದರೆ 120. ಮೂರು ಸಲ 120, ನಾಲ್ಕು ಸಲ 90, ಆರು ಸಲ 60: ಎಲ್ಲ ಕಡೆ ಒಟ್ಟು 360. ಸುತ್ತು ಹಾಕಿ ಹೊರಟ ಜಾಗಕ್ಕೆ ಬಂದು ಅದೇ ದಿಕ್ಕಿಗೆ ಮುಖ ಮಾಡಿದವನು ಒಂದು ಪೂರ್ತಿ ಸುತ್ತು ತಿರುಗಿರಲೇಬೇಕು. ಬಹುಭುಜಾಕೃತಿಯ ಹೊರಕೋನಗಳ ಮೊತ್ತದ ಪ್ರಮೇಯ ಹೀಗೆ ಕಾಲಿನ ಮೂಲಕ ತಲೆಗೆ ಹತ್ತಿತು.

ಒಂದು ಚೌಕ ಬರೆದು ಹತ್ತು ಡಿಗ್ರಿ ತಿರುಗಿ ಮತ್ತೊಂದು ಚೌಕ, ಹೀಗೆ 36 ಸಲ ಮಾಡಿದರೆ ಲಂಬಾಣಿ ಹೂವನ್ನು ನೆನಪಿಸುವ ಆಕೃತಿ ಅರಳುತ್ತದೆ. 12 ಸಲದಲ್ಲಿ ಹೂವು ಮುಗಿಯಬೇಕಾದರೆ ಎಷ್ಟು ಡಿಗ್ರಿ? ಏಳು ಸಲದಲ್ಲಿ ಮುಗಿಸಬಹುದೇ? ಭಾಜಕ, ಶೇಷ, ಭಿನ್ನರಾಶಿ ಎಲ್ಲವೂ ಸಾಲಾಗಿ ಬಂದು ನಿಲ್ಲುತ್ತವೆ. ಮನೆಯಿಂದ ಒಂದು ಕಸೂತಿ ಚೀಲ ತಂದು ಅದರ ವಿನ್ಯಾಸಕ್ಕೆ ಆಜ್ಞೆಗಳನ್ನು ಬರೆಯಿರಿ ಎಂದು ಹೇಳಿದರೆ ತಾಂಡಾದ ಮಗು ಆವತ್ತು ಕ್ಲಾಸಿಗೇ ಮೇಷ್ಟ್ರು.

ಕಂಡದ್ದೆಲ್ಲ ಸಾಧನೆಯಲ್ಲ

ಇಷ್ಟು ಹೊಗಳಿದ ಮೇಲೆ ಎಚ್ಚರಿಕೆಯ ಮಾತನ್ನೂ ಹೇಳಬೇಕು. ತೆರೆಯ ಮೇಲೆ ಸಾವಿರ ತ್ರಿಭುಜಗಳನ್ನು ಎಳೆದಾಡಿ ಮೂರು ಕೋನಗಳ ಮೊತ್ತ 180 ಎಂದು ಕಂಡರೂ ಅದು ಪ್ರಮೇಯದ ಸಾಧನೆಯಲ್ಲ. ಕಂಪ್ಯೂಟರು ದಶಮಾಂಶಗಳನ್ನು ಕತ್ತರಿಸಿ ತೋರಿಸುವುದರಿಂದ ಒಮ್ಮೊಮ್ಮೆ ಯಾಮಾರಿಸುತ್ತದೆ ಕೂಡ. 59.33, 60.33, 60.33 ಎಂದು ಮೂರು ಕೋನ ತೋರಿಸುತ್ತದೆ, ಕೂಡಿದರೆ 179.99. ಜಾಣ ಮೇಷ್ಟ್ರಿಗೆ ಇದೇ ಅವಕಾಶ. ಆ ಉಳಿದ 0.01 ಎಲ್ಲಿ ಹೋಯಿತು? ಮೊತ್ತ ನಿಜಕ್ಕೂ 180 ಎಂದೇ ನಂಬುವುದು ಹೇಗೆ? ಆಗ ಶೃಂಗದ ಮೂಲಕ ಒಂದು ಸಮಾಂತರ ರೇಖೆ ಎಳೆದು, ಯಂತ್ರದ ಹಂಗಿಲ್ಲದೆ, ಎಲ್ಲ ತ್ರಿಭುಜಗಳಿಗೂ ಒಂದೇ ಏಟಿಗೆ ಸಾಧಿಸಿ ತೋರಿಸಬೇಕು. ಕಂಪ್ಯೂಟರು ಸಂಶಯ ಹುಟ್ಟಿಸಲಿ, ಅದನ್ನು ಪರಿಹರಿಸುವ ಜಾಗ ನೋಟ್‌ಬುಕ್ಕೇ.

ಸಣ್ಣ ಮಕ್ಕಳಿಗೆ ತೆರೆಗಿಂತ ಮೊದಲು ಕೈಗೆ ಸಿಗುವ ವಸ್ತು ಬೇಕು. ಅಕ್ಷರ ಫೌಂಡೇಶನ್ನಿನ ‘ಗಣಿತ ಕಲಿಕಾ ಆಂದೋಲನ’ ಕಲ್ಯಾಣ ಕರ್ನಾಟಕದ ಪ್ರಾಥಮಿಕ ಶಾಲೆಗಳಿಗೆ ತಂದ ಪೆಟ್ಟಿಗೆಯಲ್ಲಿ ಮಣಿಚೌಕಟ್ಟು, ಭಿನ್ನರಾಶಿಯ ಪಟ್ಟಿಗಳು, ಬಿಡಿ-ಹತ್ತು-ನೂರರ ತುಂಡುಗಳಿವೆ. ಮೂರನೇ ಕ್ಲಾಸಿನ ಮಗು ಹತ್ತು ಬಿಡಿಗಳನ್ನು ಕೊಟ್ಟು ಒಂದು ಹತ್ತರ ಕಡ್ಡಿ ತೆಗೆದುಕೊಂಡಾಗ ಕಲಿಯುವ ದಶಕವನ್ನು ಯಾವ ವಿಡಿಯೊ ಕಲಿಸಲಾರದು. ಅದೇ ಸಂಸ್ಥೆ ಆಟದ ಆ್ಯಪ್ ಒಂದನ್ನೂ ಉಚಿತವಾಗಿ ಕೊಟ್ಟಿದೆ. ಪೆಟ್ಟಿಗೆ ಮೊದಲು, ಮೊಬೈಲು ಆಮೇಲೆ ಎಂಬ ಅನುಕ್ರಮ ತಪ್ಪದಿದ್ದರೆ ಸರಿ.

ಇನ್ನು ಹತ್ತನೇ ಕ್ಲಾಸಿನವರ ಕೈಯಲ್ಲಿರುವ ಫೋನು. ಲೆಕ್ಕದ ಫೋಟೊ ತೆಗೆದರೆ ಹಂತಹಂತವಾಗಿ ಬಿಡಿಸಿ ಕೊಡುವ ಫೋಟೊಮ್ಯಾತ್‌ನಂಥ ಆ್ಯಪ್‌ಗಳು ಬಂದು ಹತ್ತು ವರ್ಷದ ಮೇಲಾಯಿತು. ಈಗ ಎಐ ಚಾಟ್‌ಬಾಟುಗಳು ಕನ್ನಡದಲ್ಲೇ ವಿವರಣೆ ಕೊಡುತ್ತವೆ, ಕೆಲವೊಮ್ಮೆ ಭಾರಿ ಆತ್ಮವಿಶ್ವಾಸದಿಂದ ತಪ್ಪನ್ನೂ ಹೇಳುತ್ತವೆ. ನಿಷೇಧದಿಂದ ಇವು ನಿಲ್ಲುವುದಿಲ್ಲ. ಉತ್ತರ ಪುಕ್ಕಟೆಯಾದ ಕಾಲದಲ್ಲಿ ‘ಈ ಸಮೀಕರಣ ಬಿಡಿಸಿ’ ಎಂಬ ಮನೆಗೆಲಸಕ್ಕೆ ಬೆಲೆಯಿಲ್ಲ. ‘ಫೋನು ಕೊಟ್ಟ ಉತ್ತರ ಸರಿ ಎಂದು ನೀನು ಹೇಗೆ ಹೇಳುತ್ತೀ?’ ಎಂದು ಕೇಳುವ ಮನೆಗೆಲಸಕ್ಕೆ ಇದೆ. ಪ್ರಶ್ನೆಪತ್ರಿಕೆಗಳೂ ಆ ಕಡೆಗೆ ವಾಲದಿದ್ದರೆ ಶಿಕ್ಷಕರೊಬ್ಬರೇ ಏನೂ ಮಾಡಲಾರರು. ಫಲಿತಾಂಶದ ಶೇಕಡಾವಾರು ಹಿಡಿದು ನೋಟಿಸ್ ಕೊಡುವ ವ್ಯವಸ್ಥೆಯಲ್ಲಿ ಯಾರಿಗೂ ತ್ರಿಭುಜ ಎಳೆದು ನೋಡಲು ಪುರುಸೊತ್ತು ಸಿಗುವುದಿಲ್ಲ.

ದುಡ್ಡಿದೆ, ಖರ್ಚಿನ ದಾರಿ ಬದಲಾಗಲಿ

ರಾಜ್ಯದ ಬೇರೆ ಬಹಳಷ್ಟು ಭಾಗಗಳಿಗೆ ಇಲ್ಲದ ಅನುಕೂಲವೊಂದು ಈ ಸೀಮೆಗಿದೆ. 2015ರ ಗಣಿ ಕಾಯ್ದೆ ತಿದ್ದುಪಡಿಯಿಂದ ಬಂದ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿಗೆ ಸಂಡೂರಿನ ಅದಿರಿನಿಂದಲೇ ದೊಡ್ಡ ಮೊತ್ತ ಸೇರುತ್ತದೆ, ಮತ್ತು ಶಿಕ್ಷಣ ಆ ನಿಧಿಯ ಆದ್ಯತೆಯ ಬಾಬ್ತುಗಳಲ್ಲಿ ಒಂದು. ಸ್ಮಾರ್ಟ್ ಬೋರ್ಡು ಕೊಳ್ಳುವುದು ಸುಲಭ. ಟೆಂಡರು ಕರೆಯಬಹುದು, ಉದ್ಘಾಟನೆ ಮಾಡಬಹುದು, ಫೋಟೊ ಬರುತ್ತದೆ. ಆದರೆ ಸ್ಮಾರ್ಟ್ ಬೋರ್ಡಿನ ಮುಂದೆ ನಿಂತು ಮುಟ್ಟುವವರು ಒಬ್ಬರು, ಕೂತು ನೋಡುವವರು ಅರವತ್ತು ಮಂದಿ. ಅಷ್ಟೇ ಹಣದಲ್ಲಿ ಹಳೆಯ ಲ್ಯಾಬಿನ ಕಂಪ್ಯೂಟರುಗಳನ್ನು ರಿಪೇರಿ ಮಾಡಿಸಿ, ಮುಕ್ತ ತಂತ್ರಾಂಶ ಹಾಕಿಸಿ, ಬ್ಯಾಟರಿ ಬದಲಿಸಿದರೆ ಇಬ್ಬಿಬ್ಬರು ಮಕ್ಕಳಿಗೆ ಒಂದು ಮೌಸ್ ಸಿಗುತ್ತದೆ. ವಡೋದರದಲ್ಲಿ ಫಲ ಕೊಟ್ಟದ್ದು ಆ ಇಬ್ಬಿಬ್ಬರ ಜೋಡಿಯೇ.

ಯಂತ್ರಕ್ಕೆ ಹಾಕುವ ಪ್ರತಿ ರೂಪಾಯಿಯ ಜತೆ ಶಿಕ್ಷಕರ ಕಲಿಕೆಗೂ ಒಂದು ಪಾಲು ಎತ್ತಿಡಬೇಕು. ಬೆಂಗಳೂರಿನಿಂದ ಬಂದವರು ಎರಡು ದಿನ ಮಾತಾಡಿ ಚಹಾ ಬಿಸ್ಕತ್ತು ಕೊಟ್ಟು ಹೋಗುವ ತರಬೇತಿ ಬೇಡ. ಹೊಸಪೇಟೆ, ಕಂಪ್ಲಿ, ಸಂಡೂರಿನ ಗಣಿತ ಶಿಕ್ಷಕರು ತಿಂಗಳಿಗೊಮ್ಮೆ ಒಂದು ಲ್ಯಾಬಿನಲ್ಲಿ ಸೇರಿ, ಒಂದು ಪಾಠ ಕಟ್ಟಿ, ಅದನ್ನು ತಮ್ಮ ತಮ್ಮ ಶಾಲೆಯಲ್ಲಿ ಮಾಡಿ ನೋಡಿ, ಮುಂದಿನ ತಿಂಗಳು ಏನು ನಡೆಯಿತು ಏನು ನಡೆಯಲಿಲ್ಲ ಎಂದು ಹಂಚಿಕೊಂಡರೆ ವರ್ಷಕ್ಕೆ ಹತ್ತು ಒಳ್ಳೆಯ ಪಾಠಗಳು ಸಿದ್ಧವಾಗುತ್ತವೆ. ಜಲಾಶಯದ್ದೊಂದು, ಗೋಪುರದ್ದೊಂದು, ಕಸೂತಿಯದೊಂದು. ಲ್ಯಾಬಿನ ಕೀಲಿ ಹೆಡ್‌ಮಾಸ್ತರರ ಬೀರುವಿನಿಂದ ಗಣಿತ ಶಿಕ್ಷಕರ ಜೇಬಿಗೆ ಬರಬೇಕು. ಒಂದು ಮೌಸ್ ಮುರಿದರೆ ಶಿಕ್ಷಕರ ಸಂಬಳದಲ್ಲಿ ಹಿಡಿಯುತ್ತಾರೆ ಎಂಬ ಭಯ ಹೋಗಬೇಕು. ಬಳಸಿ ಕೆಟ್ಟ ಕಂಪ್ಯೂಟರು ನಷ್ಟವಲ್ಲ, ಬಳಸದೇ ಕೆಟ್ಟದ್ದು ನಷ್ಟ.

ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿರುವ (ಎಸ್‌ಡಿಎಂಸಿ) ತಂದೆತಾಯಂದಿರಿಗೆ ಒಂದು ಮಾತು. ಮುಂದಿನ ಸಭೆಯಲ್ಲಿ ನಮ್ಮ ಶಾಲೆಗೆ ಎಷ್ಟು ಕಂಪ್ಯೂಟರ್ ಬಂದಿವೆ ಎಂದು ಕೇಳಿ ಸುಮ್ಮನಾಗಬೇಡಿ. ಈ ತಿಂಗಳು ಗಣಿತದ ಪೀರಿಯಡ್ಡಿನಲ್ಲಿ ನನ್ನ ಮಗಳು ಎಷ್ಟು ಹೊತ್ತು ಅದನ್ನು ತನ್ನ ಕೈಯಿಂದ ಮುಟ್ಟಿದಳು ಎಂದು ಕೇಳಿ. ಉತ್ತರ ಸಿಗುವವರೆಗೂ ಕೇಳುತ್ತಲೇ ಇರಿ.